ಏರ್ ರೈಫಲ್‌ಗೆ ಕ್ರೋನೋಗ್ರಾಫ್: ಟ್ಯೂಬ್‌ಲೈಟ್ ಕಾಟ ಒಂದು ಬಿಟ್ರೆ ಬಂಗಾರ

10 ಮೀಟರ್ ಇಂಡೋರ್ ರೇಂಜ್‌ನಲ್ಲಿ ಏರ್ ರೈಫಲ್ ಹೊಡೆಯೋರು ಈ ಕ್ರೋನೋಗ್ರಾಫ್, ಅಂದ್ರೆ ಪೆಲೆಟ್ (ಪುಟ್ಟ ಗುಂಡು) ಸ್ಪೀಡ್ ಅಳೆಯೋ ಮೆಷಿನ್, ತಗೊಳ್ಳೋ ಮುಂಚೆ ಬೆಳಕಿನ ವಿಷ್ಯ ತಿಳ್ಕೊಳ್ಳಿ. ಪೆಲೆಟ್ ನೆರಳು ಮೊದಲನೇ ಸೆನ್ಸರ್ ಮೇಲೆ ಹಾದಾಗ ಟೈಮ್ ಶುರು, ಎರಡನೇದ್ರ ಮೇಲೆ ಹಾದಾಗ ಸ್ಟಾಪ್, ಇಷ್ಟೇ ಇದರ ಕೆಲಸ. ಆದ್ರೆ ನಮ್ಮ ಕರೆಂಟು 50 ಹರ್ಟ್ಜ್, ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗತ್ತೆ, ನಮ್ ಕಣ್ಣಿಗೆ ಗೊತ್ತಾಗಲ್ಲ, ಸೆನ್ಸರಿಗೆ ಗೊತ್ತಾಗತ್ತೆ, ಅದಕ್ಕೇ ಒಂದ್ಸಲ ಎರರ್ ಬರತ್ತೆ, ಇನ್ನೊಂದ್ಸಲ ಏರ್ ರೈಫಲ್‌ನಲ್ಲಿ ಆಗದೇ ಇರೋ ಸ್ಪೀಡ್ ತೋರ್ಸತ್ತೆ. ಇಷ್ಟು ದುಡ್ಡು ತಗೊಂಡು ಮ್ಯಾನ್ಯುಯಲ್‌ನಲ್ಲಿ ಇದನ್ನ ದಪ್ಪಕ್ಷರದಲ್ಲಿ ಹಾಕೋಕೇನಾಗಿತ್ತು? ತುಂಬಾ ಸಿಟ್ಟು ಬಂದಿತ್ತು.

ಈಗ ಪ್ರಾಕ್ಟೀಸ್‌ಗೆ ಮುಂಚೆ ಟ್ರೈಪಾಡ್ ನಿಲ್ಸಿ, ಮೇಲೆ ಬೆಳಕು ಸಮನಾಗಿ ಹರಡೋ ಬಿಳಿ ಡಿಫ್ಯೂಸರ್ ಕೂರ್ಸಿ, ಪಕ್ಕದಲ್ಲಿ ಹಳೇ ಕಾಲದ ಹಳದಿ ಫಿಲಮೆಂಟ್ ಬಲ್ಬ್ ಹಚ್ಚಿ, ಆ ಲೇನ್ ಮೇಲಿನ ಟ್ಯೂಬ್ ಆರಿಸ್ತೀನಿ. ಮೃದು ಬಟ್ಟೇಲಿ ಸೆನ್ಸರ್ ಒರಸ್ತೀನಿ. ಆಮೇಲೆ ರೈಫಲ್‌ನ ಗಾಳಿ ಸಿಲಿಂಡರ್ ಗೇಜ್ ಓದಿ, ಹತ್ತು ಶಾಟ್ ಹೊಡ್ದು, ಪ್ರೆಷರ್ ಒಂದ್ಕಡೆ ಸ್ಪೀಡ್ ಒಂದ್ಕಡೆ ನೋಟ್‌ಬುಕ್‌ನಲ್ಲಿ ಬರ್ಕೊಳ್ಳೋದು, ಈ ಹೊತ್ತು ನಂಗೆ ಪೂಜೆ ಥರ, ಯಾರೂ ಮಾತಾಡಿಸ್ಬಾರ್ದು.

ಆ ನೋಟ್‌ಬುಕ್ಕೇ ನನ್ನ ಮನಸ್ಸು ಬದಲಾಯಿಸಿದ್ದು. 60 ಶಾಟ್ ಮ್ಯಾಚ್‌ನ ಕೊನೇಲಿ ನನ್ನ ಪೆಲೆಟ್‌ಗಳು ಸ್ವಲ್ಪ ಸ್ವಲ್ಪ ಕೆಳಗಿಳೀತಿದ್ವು, ನೋಡಿದೋರೆಲ್ಲ ಭುಜ ಸುಸ್ತಾಗಿದೆ ಅಂದ್ರು. ಬರ್ದಿಟ್ಟಿದ್ದನ್ನ ನೋಡಿದ್ರೆ ಪ್ರೆಷರ್ ಇಳೀತಾ ಇದ್ದಂಗೆ 170 ಮೀ/ಸೆ ಇದ್ದದ್ದು 165ಕ್ಕೆ ಬರ್ತಿತ್ತು. ಪ್ರತಿ ಶಾಟಿಗೂ ಒಂದೇ ಪ್ರೆಷರ್ ಕೊಡೋ ರೆಗ್ಯುಲೇಟರ್ ಸರಿ ಇದ್ರೆ ಸಿಲಿಂಡರ್ 200 ಬಾರ್‌ನಿಂದ ಸಾಕಷ್ಟು ಇಳಿದ್ರೂ ಸ್ಪೀಡ್ ಹೆಚ್ಚುಕಮ್ಮಿ ಒಂದೇ ಇರ್ಬೇಕು. ಸೆಕೆಂಡಿಗೆ ಐದು ಮೀಟರ್ ಕಮ್ಮಿ ಅಂದ್ರೇನು ಅನ್ಬೇಡಿ, 10 ಮೀಟರ್‌ನಲ್ಲಿ ಅದು ಸುಮಾರು 1 ಮಿಲಿಮೀಟರ್ ಕೆಳಗೆ ಬೀಳತ್ತೆ, ಡೆಸಿಮಲ್ ಸ್ಕೋರ್‌ನಲ್ಲಿ 0.1 ಅಂದ್ರೆ ಬರೀ 0.25 ಮಿಲಿಮೀಟರ್, 10.6 ಆಗ್ಬೇಕಾದ್ದು 10.2 ಆಗೋಗತ್ತೆ. ರೆಗ್ಯುಲೇಟರ್ ಸೀಲ್ ಬದಲಾಯಿಸಿದ್ಮೇಲೆ ಸ್ಪೀಡ್ ಸಮ ಆಯ್ತು, ಶಾಟ್ ಕೆಳಗಿಳಿಯೋದೂ ನಿಂತೋಯ್ತು. ಆ ದಿನ ಎಷ್ಟು ಖುಷಿ ಆಯ್ತು ಅಂದ್ರೆ ಮನೆಗೆ ಹೋಗೋಕೇ ಮನಸ್ಸಿರಲಿಲ್ಲ.

ಪೆಲೆಟ್ ಡಬ್ಬಿ ಬದಲಾಯಿಸ್ದಾಗಲೂ ಇದೇ ನೋಡೋದು, ಆವರೇಜ್‌ಗಿಂತ ಶಾಟ್ ಶಾಟಿಗೆ ಎಷ್ಟು ಹೆಚ್ಚುಕಮ್ಮಿ ಆಗತ್ತೆ ಅನ್ನೋದೇ ನಂಗೆ ಮುಖ್ಯ.

ರೇಡಾರ್ ಮಾಡೆಲ್‌ಗೆ ಬೆಳಕಿನ ಗೋಳಿಲ್ಲ, ಆದ್ರೆ ಆ ರೇಟಿಗೆ ನಂಗೆ ವರ್ಷಗಟ್ಟಲೆ ಪೆಲೆಟ್ ಬರತ್ತೆ. ಒಬ್ರೇ ತಗೊಳ್ಳೋದು ಭಾರ ಅನ್ಸಿದ್ರೆ ಕ್ಲಬ್‌ನಲ್ಲಿ ನಾಲ್ಕು ಜನ ಸೇರಿ ಈ ನೆರಳು ನೋಡೋ ಆಪ್ಟಿಕಲ್ಲೇ ತಗೊಳ್ಳಿ, ಜೊತೆಗೊಂದು ಫಿಲಮೆಂಟ್ ಬಲ್ಬು, ಅಂಗಡೀಲಿ ಇನ್ನೂ ಸಿಗ್ತಿದ್ರೆ ಎರಡು.