ಮೋಟರ್‌ಹೋಮ್ ಜನರೇಟರ್: ಮೂರು ವರ್ಷ, 412 ಗಂಟೆ ಓಡಿಸಿದ ಮೇಲೆ ಬರೀತಿರೋದು

ಮಲಗೋಕೆ, ಅಡುಗೆ ಮಾಡೋಕೆ ಜಾಗ ಇರೋ ನಮ್ಮ ಮೋಟರ್‌ಹೋಮ್ ಗಾಡಿ ಜೊತೆಗೇ ಕೂರಿಸಿಕೊಟ್ಟಿದ್ದ ಪೆಟ್ರೋಲ್ ಜನರೇಟರ್ ಇದು. ಸ್ಟಿಕರ್ ಮೇಲೆ 4 ಕೆವಿಎ, 230 ವೋಲ್ಟ್, 50 ಹರ್ಟ್ಸ್ ಅಂತಿದೆ. ಮೊದಲ ವರ್ಷವೇ ಇದರ ಬಗ್ಗೆ ಬರೆದಿದ್ರೆ ಬರೀ ಬೈಗುಳ ಇರ್ತಿತ್ತು, ಬರೀದೆ ಇದ್ದಿದ್ದೇ ಒಳ್ಳೇದಾಯ್ತು, ಯಾಕಂದ್ರೆ ಮುಕ್ಕಾಲು ಪಾಲು ತಪ್ಪು ನಂದೇ ಆಗಿತ್ತು.

ಒಂದಿನ ರಾತ್ರಿ ವಿಪರೀತ ಸೆಕೆ, ಎಸಿ ಓಡ್ತಿತ್ತು, ನಮ್ಮನೆಯವಳು ಮೈಕ್ರೊವೇವ್‌ನಲ್ಲಿ ಹಾಲು ಬಿಸಿಗಿಟ್ಲು. ಅಷ್ಟರಲ್ಲಿ ಜನರೇಟರ್ ಸದ್ದೇ ಬದಲಾಯ್ತು, ಏರು ಹತ್ತೋ ಮುದುಕನ ಥರ ಏದುಸಿರು, ಮೈಕ್ರೊವೇವ್ ಒಳಗಿನ ದೀಪ ಮಂಕಾಯ್ತು, ಆಮೇಲೆ ಟಪ್ ಅಂತ ಟ್ರಿಪ್. "ರೀ, ಒಂದು ಲೋಟ ಹಾಲಿಗೆ ಹಿಂಗಾ? ನಾಲ್ಕು ಕಿಲೋವ್ಯಾಟ್ ಅಂತ ತಾನೆ ಜಂಬ ಕೊಚ್ಕೊಂಡಿದ್ದು?" ಅಂದ್ಲು. ನನ್ನತ್ರ ಉತ್ತರ ಇರ್ಲಿಲ್ಲ. ಮೆಕ್ಯಾನಿಕ್ ಹತ್ರ ಹೋದೆ, ಕಾರ್ಬುರೇಟರ್ ಕ್ಲೀನ್ ಆಯ್ತು, ಪ್ಲಗ್ ಬದಲಾಯ್ತು, ಕಥೆ ಮಾತ್ರ ಅದೇ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ನಾನೂ ಅದನ್ನೇ ಮಾಡ್ತಿದ್ದೆ.

ಕೊನೆಗೆ ಒಂದು ಕ್ಲಾಂಪ್ ಮೀಟರ್ ತಗೊಂಡೆ, ವೈರ್ ಕತ್ತರಿಸದೆ ಸುತ್ತ ಕಚ್ಚಿಸಿ ಕರೆಂಟ್ ಅಳೆಯೋದು. ಮೊದಲನೇ ದಿನ ಜನರೇಟರ್‌ನಿಂದ ಬರೋ ಕೇಬಲ್‌ಗೆ ಹಾಗೇ ಕಚ್ಚಿಸಿದೆ, ಸೊನ್ನೆ ತೋರಿಸ್ತು, ಎಸಿ ಓಡ್ತಿದೆ ಮೀಟರ್ ಸೊನ್ನೆ ಅಂತಿದೆ, ಇದೂ ಡಬ್ಬಾ ಮಾಲು ಅಂದ್ಕೊಂಡೆ. ಆಮೇಲೆ ಹೊಳೀತು, ಫೇಸು ನ್ಯೂಟ್ರಲ್ಲು ಎರಡನ್ನೂ ಒಟ್ಟಿಗೆ ಹಿಡಿದ್ರೆ ಹೋಗೋ ಕರೆಂಟೂ ವಾಪಸ್ ಬರೋ ಕರೆಂಟೂ ಒಂದಕ್ಕೊಂದು ವಜಾ ಆಗಿಬಿಡುತ್ತೆ. ಜನರೇಟರ್ ನಿಲ್ಲಿಸಿ ಪ್ಯಾನೆಲ್ ಬಿಚ್ಚಿ ಫೇಸ್ ವೈರ್ ಒಂದನ್ನೇ ಕ್ಲಾಂಪ್ ಒಳಗೆ ತಗೊಂಡ ಮೇಲೆ ಸರಿಯಾಗಿ ಓದೋಕೆ ಶುರುವಾಯ್ತು. ಈ ಮೂರು ವರ್ಷದಲ್ಲಿ ನಾನು ತಗೊಂಡ ವಸ್ತುಗಳಲ್ಲಿ ಇದರಷ್ಟು ಉಪಯೋಗಕ್ಕೆ ಬಂದಿದ್ದು ಇನ್ನೊಂದಿಲ್ಲ.

ಎಸಿ ಓಡ್ತಾ ಇರೋವಾಗ ಆರೂವರೆ ಆಂಪ್ಸ್, ಸುಮಾರು 1450 ವ್ಯಾಟ್. ಮೈಕ್ರೊವೇವ್ ಮೇಲೆ 800 ವ್ಯಾಟ್ ಅಂತ ಬರೆದಿದೆ, ಆದ್ರೆ ಅದು ಒಳಗಿರೋ ಹಾಲಿಗೆ ತಲುಪೋ ಲೆಕ್ಕ, ಪ್ಲಗ್‌ನಿಂದ ಎಳೆಯೋದು 1250ರ ಹತ್ರ. ಗೀಸರ್ 1400. ಇದೆಲ್ಲ ಕಣ್ಣಿಗೆ ಕಾಣೋ ಲೋಡ್, ಗೊತ್ತಾದ್ರೆ ಸಾಕು. ನನಗೆ ಆಶ್ಚರ್ಯ ಆಗಿದ್ದು ಎಸಿ, ಗೀಸರ್, ಮೈಕ್ರೊವೇವ್, ಫ್ರಿಜ್ ಎಲ್ಲಾ ಆಫ್ ಮಾಡಿದ ಮೇಲೂ ಮೀಟರ್ 4 ಆಂಪ್ಸ್ ತೋರಿಸ್ತಾನೇ ಇತ್ತಲ್ಲ, ಅದು. ಒಂದೊಂದೇ ಬ್ರೇಕರ್ ಇಳಿಸ್ತಾ ಹೋದೆ, ಸಿಕ್ಕಿದ್ದು ಬ್ಯಾಟರಿ ಚಾರ್ಜರ್! ಹಗಲೆಲ್ಲಾ ಲೈಟು, ಫ್ಯಾನು, ನೀರಿನ ಪಂಪು 12 ವೋಲ್ಟ್ ಬ್ಯಾಟರಿ ಮೇಲೆ ಓಡಿರುತ್ತೆ, ಸಂಜೆ ಜನರೇಟರ್ ಹಾಕಿದ ತಕ್ಷಣ ಹಸಿದ ಬ್ಯಾಟರಿಗೆ ಚಾರ್ಜರ್ ಪೂರ್ತಿ 40 ಆಂಪ್ಸ್ ತುಂಬೋಕೆ ಶುರು ಮಾಡುತ್ತೆ. ಆ ಕಡೆ 14 ವೋಲ್ಟ್‌ನಲ್ಲಿ 40 ಆಂಪ್ಸ್ ಅಂದ್ರೆ 560 ವ್ಯಾಟ್, ಚಾರ್ಜರ್ ಒಳಗಿನ ನಷ್ಟ ಸೇರಿಸಿದ್ರೆ ಈ ಕಡೆ 650 ದಾಟುತ್ತೆ. ಬ್ಯಾಟರಿ ತುಂಬ್ತಾ ಬಂದ ಹಾಗೆ ಇದು ತಾನಾಗೇ ಇಳಿಯುತ್ತೆ. ಅದಕ್ಕೇ ಬೆಳಿಗ್ಗೆ ನಡೆದ ಕಾಂಬಿನೇಷನ್ ಸಂಜೆ ಟ್ರಿಪ್ ಆಗ್ತಿದ್ದಿದ್ದು, ನಾನು ಜನರೇಟರ್‌ಗೆ ಮೂಡ್ ಸರಿ ಇಲ್ಲ ಅಂತ ಸಹಿಸ್ಕೊಂಡಿದ್ದೆ.

ಈಗ ಕೂಡಿಸಿ. ಎಸಿ 1450, ಮೈಕ್ರೊವೇವ್ 1250, ಚಾರ್ಜರ್ 650, ಒಟ್ಟು 3350. ನಾಲ್ಕು ಸಾವಿರದ ಒಳಗೇ ಇದೆಯಲ್ಲ ಅಂತೀರಾ, ನಾನೂ ಅದನ್ನೇ ಅಂದಿದ್ದೆ. ಸ್ಟಿಕರ್ ಇನ್ನೊಂದ್ಸಲ ನೋಡಿ, ಕೆವಿಎ ಅಂತಿದೆ, ಕಿಲೋವ್ಯಾಟ್ ಅಲ್ಲ. ಕೆವಿಎ ಅಂದ್ರೆ ಬರೀ ವೋಲ್ಟ್ ಗುಣಿಸು ಆಂಪ್ಸ್, ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರೋ ಪಾಲು ಎಷ್ಟು ಅನ್ನೋದೇ ಪವರ್ ಫ್ಯಾಕ್ಟರ್, ಚಾರ್ಜರ್ 4 ಆಂಪ್ಸ್ ತೋರಿಸಿದ್ರೂ 650 ವ್ಯಾಟ್ ಅಷ್ಟೇ ಆಗಿದ್ದೂ ಇದಕ್ಕೇ. ಸ್ಟಿಕರ್‌ನಲ್ಲಿ ಕೆವಿಎ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಪವರ್ ಫ್ಯಾಕ್ಟರ್ 0.8. ನಾಲ್ಕನ್ನ 0.8ರಿಂದ ಗುಣಿಸಿದ್ರೆ 3.2 ಕಿಲೋವ್ಯಾಟ್, ಎಂಜಿನ್ ಕೈಲಾಗೋದು ಅಷ್ಟೇ. ಅಂದ್ರೆ ಲೋಡ್ ಆಗಲೇ ಮಿತಿ ದಾಟಿತ್ತು, ಅದರ ಮೇಲೆ ಎಸಿ ಕಂಪ್ರೆಸರ್ ಒಂದ್ಸಲ ನಿಂತು ಮತ್ತೆ ಸ್ಟಾರ್ಟ್ ಆಗೋ ಕ್ಷಣದಲ್ಲಿ ಓಡೋ ಕರೆಂಟ್‌ನ ನಾಲ್ಕೈದು ಪಟ್ಟು ಎಳೆಯುತ್ತೆ, ಟ್ರಿಪ್ ಆಗದೆ ಇನ್ನೇನಾಗುತ್ತೆ.

ಆಮೇಲೆ ಎಸಿಗೆ ಸಾಫ್ಟ್ ಸ್ಟಾರ್ಟರ್, ಅಂದ್ರೆ ಕಂಪ್ರೆಸರ್‌ನ ಮೆಲ್ಲಗೆ ಸ್ಟಾರ್ಟ್ ಮಾಡಿಸೋ ಡಬ್ಬಿ, ಹಾಕಿಸಿದೆ, ಆ ಆರಂಭದ ಎಳೆತ ಅರ್ಧಕ್ಕಿಂತ ಕಮ್ಮಿ ಆಯ್ತು, ದೀಪ ಮಿನುಗೋದು ನಿಂತಿದೆ. ಆದ್ರೆ ಓಡೋ ಲೋಡ್ ಒಂದು ವ್ಯಾಟೂ ಕಮ್ಮಿ ಆಗಿಲ್ಲ, ಅದನ್ನ ಹಾಕಿಸಿದ್ರೆ ಎಲ್ಲಾನೂ ಒಟ್ಟಿಗೆ ಓಡಿಸಬಹುದು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಮೈಕ್ರೊವೇವ್ ಬೇಕಾದಾಗ ಚಾರ್ಜರ್ ಬ್ರೇಕರ್ ಇಳಿಸ್ತೀವಿ, ಮುಗೀತು. ಎಸಿ ಆಫ್ ಮಾಡಿದ್ರೆ ಮಾತ್ರ ಮೂರು ನಿಮಿಷ ಬಿಟ್ಟೇ ಮತ್ತೆ ಹಾಕ್ಬೇಕು, ಗ್ಯಾಸ್ ಪ್ರೆಷರ್ ಇಳಿಯದೆ ಕಂಪ್ರೆಸರ್ ತಿರುಗೋಕೆ ಒದ್ದಾಡುತ್ತೆ.

ನಮ್ಮದು ಎಂಜಿನ್ ವೇಗ ಬದಲಾದ್ರೂ ಎಲೆಕ್ಟ್ರಾನಿಕ್ಸ್‌ನಿಂದ 50 ಹರ್ಟ್ಸ್ ಕೊಡೋ ಇನ್ವರ್ಟರ್ ಮಾದರಿ ಜನರೇಟರ್ ಅಲ್ಲ, 3000 ಆರ್‌ಪಿಎಂನಲ್ಲಿ ತಿರುಗಿದ್ರೇನೇ 50 ಹರ್ಟ್ಸ್. ಲೋಡ್ ಇಲ್ಲದಾಗ 52 ಇರುತ್ತೆ, ಲೋಡ್ ಬಿದ್ದಾಗ 49ಕ್ಕೆ ಬರುತ್ತೆ, ಅಷ್ಟು ಸಹಜ. ಸಾಕೆಟ್‌ಗೆ ಚುಚ್ಚೋ ಸಣ್ಣ ಮೀಟರ್ ಒಂದು ಕಾಯಂ ಹಾಕಿಟ್ಟಿದೀನಿ, ವೋಲ್ಟೇಜ್ 210ಕ್ಕಿಂತ ಕೆಳಗೆ ಬಂದ್ರೆ ಏನಾದ್ರೊಂದು ಆಫ್ ಮಾಡೋದು ನಮ್ಮನೆ ರೂಲ್.

ಬೆಟ್ಟದ ಮೇಲೆ ಇನ್ನೊಂದು ಪಾಠ ಆಯ್ತು. ಸುಮಾರು 2000 ಮೀಟರ್ ಎತ್ತರ, ಚಳಿ, ಎಸಿ ಮಾತೇ ಇಲ್ಲ, ಗೀಸರ್ ಜೊತೆ ಮೈಕ್ರೊವೇವ್ ಹಾಕಿದ್ವಿ, ಅಷ್ಟಕ್ಕೇ ಎಂಜಿನ್ ಕೆಮ್ಮಿ ನಿಂತೇಬಿಡ್ತು. ಬಯಲಲ್ಲಿ ಇದೇ 2650 ವ್ಯಾಟ್ ಆರಾಮಾಗಿ ಎಳೀತಿತ್ತು. ಎತ್ತರದಲ್ಲಿ ಗಾಳಿ ತೆಳು, ಪ್ರತಿ 300 ಮೀಟರ್‌ಗೆ ಮೂರೂವರೆ ಪರ್ಸೆಂಟ್‌ನಷ್ಟು ಶಕ್ತಿ ಹೋಗುತ್ತೆ ಅಂತ ಲೆಕ್ಕ, ಹಂಗೆ ನೋಡಿದ್ರೆ ನಮ್ಮ 3.2 ಅಲ್ಲಿ ಎರಡೂವರೆಗೆ ಇಳಿದಿತ್ತು. ಈಗ ಮೇಲೆ ಹೋದಾಗ ನೀರು ಕಾಯಿಸೋದು ಗ್ಯಾಸ್‌ನಲ್ಲೇ.

ಲೋಡ್ ಜಾಸ್ತಿ ಆಗೋದೊಂದೇ ತೊಂದ್ರೆ ಅಲ್ಲ. ಫೋನ್ ಚಾರ್ಜ್ ಮಾಡೋಕಂತ ಗಂಟೆಗಟ್ಟಲೆ ಖಾಲಿ ಓಡಿಸಿದ್ರೂ ಎಂಜಿನ್ ಒಳಗೆ ಮಸಿ ಕಟ್ಟುತ್ತೆ. ಗಾಡಿ ನಿಂತಿರೋ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಎಸಿ ಹಾಕಿ ಎರಡು ಗಂಟೆ ಓಡಿಸ್ತೀನಿ, ಹೆಚ್ಚುಕಮ್ಮಿ ಅರ್ಧ ಲೋಡ್ ಆಗುತ್ತೆ, ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಹಳಸಿ ಅಂಟಾಗೋದೂ ತಪ್ಪುತ್ತೆ. ಎಕ್ಸಾಸ್ಟ್ ಕಿಟಕಿ ಕಡೆ ಬರದ ಹಾಗೆ ನಿಲ್ಲಿಸಿ, ಒಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಇದನ್ನ ಸ್ಟಾರ್ಟೇ ಮಾಡಬೇಡಿ.

ಇನ್ನೊಂದು, ಟ್ಯಾಂಕ್ ಕಾಲು ಭಾಗಕ್ಕೆ ಬಂದ್ರೆ ಜನರೇಟರ್ ತಾನಾಗೇ ನಿಲ್ಲುತ್ತೆ, ಅದಕ್ಕೆ ಪೆಟ್ರೋಲ್ ಎಳೆಯೋ ಪೈಪ್ ಬೇಕಂತಲೇ ಮೇಲಿಟ್ಟಿದಾರೆ, ಗಾಡಿ ಓಡಿಸ್ಕೊಂಡು ಬಂಕ್ ತನಕ ಹೋಗೋಕಾದ್ರೂ ಉಳೀಲಿ ಅಂತ. ಮೊದಲ ಸಲ ನಾನು ಇದನ್ನೂ ರಿಪೇರಿಗೆ ಬಂತು ಅಂದ್ಕೊಂಡು ಅರ್ಧ ಬಿಚ್ಚಿದ್ದೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಒಂದು ಕಟ್ ಮಾಡಿದ್ದು ಆ ಇರುವೆ ಗಾತ್ರದ ಅಕ್ಷರಕ್ಕೆ, ಮತ್ತೆ ಆಯಿಲ್ ಡಿಪ್‌ಸ್ಟಿಕ್ ನೋಡ್ಬೇಕಂದ್ರೆ ಪ್ರತಿ ಸಲ ನೆಲದ ಮೇಲೆ ಮಲಗಬೇಕಲ್ಲ, ಅದಕ್ಕೆ.