ಹೆಲ್ಮೆಟ್ ರೇಡಿಯೋ: ಸದ್ದು ಚೆನ್ನಾಗಿದೆ, ಸುಮ್ಮನಾಗೋದೇ ಗೊತ್ತಿಲ್ಲ

ನನ್ನ ಮಗನಿಗೆ 13 ವರ್ಷ. ಇಲ್ಲಿ ಓಹಾಯೋದಲ್ಲಿ ಮಕ್ಕಳ ಅಮೆರಿಕನ್ ಫುಟ್‌ಬಾಲ್ ತಂಡವೊಂದರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಪಡೆದು ಆಟ ನಡೆಸುವವನು. ಅಭ್ಯಾಸದ ದಿನ ಸ್ಟಾಪ್‌ವಾಚ್ ಹಿಡಿಯುವ ಕೆಲಸ ನನ್ನದು. ಈ ಸಲ ಅಪ್ಪ ಅಮ್ಮಂದಿರೆಲ್ಲ ದುಡ್ಡು ಹಾಕಿ ತಂಡಕ್ಕೊಂದು ಹೆಲ್ಮೆಟ್ ರೇಡಿಯೋ ಕೊಂಡೆವು. ನಮ್ಮ ಲೀಗಿನ ಪಂದ್ಯಗಳಲ್ಲಿ ಅದಕ್ಕೆ ಅನುಮತಿ ಇಲ್ಲ, ಬರೀ ಅಭ್ಯಾಸಕ್ಕೆ. ಎರಡು ತಿಂಗಳು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಡಬ್ಬಿಯಲ್ಲಿ ಇರುವುದು ಎರಡೇ ವಸ್ತು. ಕೋಚ್ ಕೈಗೆ ಗುಂಡಿ ಒತ್ತಿ ಮಾತಾಡುವ ವಾಕಿಟಾಕಿ, ಹುಡುಗನ ಕಿವಿ ಹತ್ತಿರ ಕೂರುವ ಚಪ್ಪಟೆ ಸ್ಪೀಕರ್. ಹುಡುಗ ಕೇಳಿಸಿಕೊಳ್ಳಬಹುದು ಅಷ್ಟೇ, ತಿರುಗಿ ಮಾತಾಡೋಕೆ ಆಗಲ್ಲ. ದೊಡ್ಡವರ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲೂ ಹೀಗೇ. ಮೈದಾನದ ಆ ತುದಿಯಿಂದಲೂ ಮಾತು ಸ್ಪಷ್ಟ. ಚಳಿ ಶುರುವಾದ ಮೇಲೆ ಬ್ಯಾಟರಿ ಬೇಗ ಇಳಿಯುತ್ತಿದೆ, ಅದೊಂದು ನೆನಪಿರಲಿ. ಇನ್ನೊಂದು ಮಾತು: ಸ್ಪೀಕರ್ ಕೂರಿಸಲು ಒಳಗಿನ ಪ್ಯಾಡ್ ಕಿತ್ತು ಹಾಕಬೇಡಿ. ಹೆಲ್ಮೆಟ್ ಮಾಡಿದ ಕಂಪನಿಯನ್ನು ಮೊದಲು ಕೇಳಿ. ತಲೆಯ ವಿಷಯ ಅಲ್ವಾ.

ನನ್ನ ನಿಜವಾದ ತಕರಾರು ಬೇರೆ. ಇದಕ್ಕೆ ತಾನಾಗಿ ನಿಲ್ಲುವ ವ್ಯವಸ್ಥೆಯೇ ಇಲ್ಲ.

ಮೊದಲ ವಾರ ನಮ್ಮ ಕೋಚ್ ಗುಂಡಿಯಿಂದ ಬೆರಳು ತೆಗೆಯಲೇ ಇಲ್ಲ. ಒಳ್ಳೆಯ ಮನುಷ್ಯ, ಮಕ್ಕಳು ಗೆಲ್ಲಲಿ ಅನ್ನೋ ಆಸೆ. ಚೆಂಡು ಕೈಗೆ ಬಂದ ಮೇಲೂ ‘ಎಡಕ್ಕೆ ನೋಡು, ಈಗ ಎಸಿ, ಬೇಡ ಬೇಡ, ಓಡು’ ಅಂತ ಹೇಳುತ್ತಲೇ ಇದ್ದರು. ಸಲೀಸಾಗಿ ಆಡುತ್ತಿದ್ದ ಹುಡುಗ ಚೆಂಡು ಹಿಡಿದು ನಿಂತಲ್ಲೇ ನಿಂತ. ಒಂದೇ ಸಂಜೆ ನಾಲ್ಕು ಸಲ ಕೆಳಗೆ ಬಿದ್ದ. ರಾತ್ರಿ ಊಟಕ್ಕೆ ಕೂತಾಗ ಹೇಳಿದ, ‘ಅಮ್ಮ, ಕಿವೀಲಿ ಮಾತಾಡ್ತಾ ಇದ್ರೆ ಕಣ್ಣು ಕೆಲಸ ಮಾಡಲ್ಲ.’

ಎನ್‌ಎಫ್‌ಎಲ್ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. 1956ರಲ್ಲಿ ನಮ್ಮ ಓಹಾಯೋದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡವೇ ಇದನ್ನು ಮೊದಲು ಬಳಸಿತ್ತು. ಕೋಚ್ ಪಾಲ್ ಬ್ರೌನ್, ಕ್ವಾರ್ಟರ್‌ಬ್ಯಾಕ್ ಜಾರ್ಜ್ ರ್‍ಯಾಟರ್‌ಮನ್ ಅವರ ಹೆಲ್ಮೆಟ್‌ನಲ್ಲಿ ರೇಡಿಯೋ ಇಟ್ಟಿದ್ದರು. ಅದೇ ವರ್ಷ ಲೀಗ್ ನಿಷೇಧ ಹಾಕಿತು. ಮತ್ತೆ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. 2008ರಿಂದ ತಡೆಯುವ ತಂಡದಲ್ಲೂ ಒಬ್ಬನಿಗೆ ರೇಡಿಯೋ ಇದೆ. ಹೆಲ್ಮೆಟ್ ಹಿಂದೆ ಹಸಿರು ಚುಕ್ಕೆ ಇದ್ದರೆ ಅವನೇ ಅಂತ ತಿಳಿಯಿರಿ. ಆದರೆ ಮುಂದಿನ ಆಟ ಶುರು ಮಾಡಲು ಕೊಡುವ 40 ಸೆಕೆಂಡಿನ ಗಡಿಯಾರ 15ಕ್ಕೆ ಇಳಿದ ಕೂಡಲೇ ಸಂಪರ್ಕ ಕಡಿತ. ಅದಕ್ಕೂ ಮುಂಚೆ ಚೆಂಡು ಹಿಂದಕ್ಕೆ ಬಂದು ಆಟ ಶುರುವಾದರೆ ಆಗಲೇ ಕಡಿತ. ಎದುರಾಳಿಗಳು ಹೇಗೆ ನಿಂತಿದ್ದಾರೆ, ಯಾರು ನುಗ್ಗಿ ಬರಬಹುದು, ಇದನ್ನೆಲ್ಲ ಆಮೇಲೆ ಆಟಗಾರನೇ ನೋಡಿಕೊಳ್ಳಬೇಕು. 2024ರಲ್ಲಿ ದೊಡ್ಡ ಕಾಲೇಜು ತಂಡಗಳಿಗೆ ರೇಡಿಯೋ ಕೊಟ್ಟಾಗಲೂ ಈ 15 ಸೆಕೆಂಡಿನ ನಿಯಮ ಇಟ್ಟುಕೊಂಡೇ ಕೊಟ್ಟರು.

ಮಾರಿದ ಕಂಪನಿಗೆ ಫೋನ್ ಮಾಡಿ ಟೈಮರ್ ಸೇರಿಸಬಹುದಾ ಅಂತ ಕೇಳಿದೆ. ‘ಕೋಚ್ ಬೆರಳು ತೆಗೆದರೆ ಆಯ್ತಲ್ಲ’ ಅಂದರು. ನನಗೆ ಸಿಟ್ಟು ಬಂತು. ಪಂದ್ಯದ ಕಾವಿನಲ್ಲಿ ದೊಡ್ಡವರಿಗೇ ಬೆರಳು ತೆಗೆಯೋಕೆ ಆಗಲ್ಲ ಅಂತಲೇ ತಾನೇ ಲೀಗುಗಳು ಆ ಕೆಲಸವನ್ನು ಸ್ವಿಚ್‌ಗೆ ಒಪ್ಪಿಸಿರೋದು?

ಈಗ ನಾವೇ ಒಂದು ದಾರಿ ಮಾಡಿಕೊಂಡಿದ್ದೇವೆ. ನಾನು ಕೋಚ್ ಪಕ್ಕದಲ್ಲೇ ನಿಂತು 40ರಿಂದ ಎಣಿಸುತ್ತೇನೆ. 15 ಬಂದಾಗ ಕೈ ಚಾಚುತ್ತೇನೆ, ಅವರು ವಾಕಿಟಾಕಿ ನನ್ನ ಕೈಗಿಡುತ್ತಾರೆ. ಮೊದಲೆರಡು ದಿನ ಕಷ್ಟವಾಯಿತು, ಆಮೇಲೆ ರೂಢಿಯಾಯಿತು. ಮುಂದೆ ಆಡಬೇಕಾದ ಆಟದ ಹೆಸರು ಒಂದು ಸಲ, ಎಚ್ಚರಿಕೆಯ ಮಾತು ಒಂದು, ಅಷ್ಟಕ್ಕೇ ಮುಗಿಸುತ್ತಾರೆ.

ನೀವು ಕೊಳ್ಳುವುದಾದರೆ ತಾನಾಗಿ ಕಡಿತವಾಗುವ ಸೆಟ್ ಕೇಳಿ. ಅಂಥದ್ದು ಸಿಗದಿದ್ದರೆ ಪಕ್ಕದಲ್ಲಿ ನಿಂತು ಕೈ ಚಾಚುವ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಕಳೆದ ಗುರುವಾರ ವಾಕಿಟಾಕಿ ನನ್ನ ಕೈಯಲ್ಲಿತ್ತು. ಮಗ ಗೆರೆಯ ಹಿಂದೆ ನಿಂತು, ಎಡಗಡೆಯಿಂದ ನುಗ್ಗಲು ಕಾದಿದ್ದವನನ್ನು ತಾನೇ ಗುರುತಿಸಿ, ಬೆರಳು ತೋರಿಸಿ ತನ್ನವರಿಗೆ ಕೂಗಿ ಹೇಳಿದ.