ಹಕ್ಕಿ ನೋಡೋಕೆ 8×42 ಬೈನಾಕ್ಯುಲರ್ ಸಾಕು

ಶಿವಮೊಗ್ಗದ ಅಂಗಡಿಯಲ್ಲಿ 10×50 ತಗೊಳ್ಳಿ, ಇನ್ನೂ ದೊಡ್ಡದಾಗಿ ಕಾಣುತ್ತೆ ಅಂದರು. ನಾನು 8×42 ತಂದೆ, ಒಳ್ಳೆಯದೇ ಆಯಿತು. ಎಂಟು ಪಟ್ಟು ಹತ್ತಿರ ತೋರಿಸುತ್ತದೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಹಗುರ, ಕೈ ಸ್ವಲ್ಪ ನಡುಗಿದರೂ ನೋಟ ಅಷ್ಟಾಗಿ ಅಲ್ಲಾಡುವುದಿಲ್ಲ, ಕಾಣುವ ಜಾಗವೂ ಜಾಸ್ತಿ, ಹಾಗಾಗಿ ಹಾರುವ ಹಕ್ಕಿಯನ್ನು ಹಿಡಿಯೋದು ಸುಲಭ.

ಮಾರ್ಚ್ ಕೊನೆಗೆ ತೀರ್ಥಹಳ್ಳಿ ಹತ್ತಿರ ತುಂಗೆಯ ಬಂಡೆ ಮೇಲೆ ಬೂದು ಸಿಪಿಲೆ ಸಿಕ್ಕಿತು. ಚಳಿಗಾಲ ಇಲ್ಲಿ ಕಳೆದು ಬೇಸಿಗೆಗೆ ಉತ್ತರಕ್ಕೆ, ಹಿಮಾಲಯದ ಕಡೆಗೆ ಹೊರಡುವ ಹಕ್ಕಿ ಅದು. ಬಾಲ ಒಂದೇ ಸಮನೆ ಮೇಲೆ ಕೆಳಗೆ ಆಡುತ್ತಿತ್ತು. ಹೊಟ್ಟೆಯ ಹಳದಿ, ಕಣ್ಣಿನ ಮೇಲಿನ ಬಿಳಿ ಗೆರೆ, ಗಂಡಿನ ಗಂಟಲಲ್ಲಿ ಆಗತಾನೇ ಮೂಡುತ್ತಿದ್ದ ಕಪ್ಪು, ಎಲ್ಲಾ ಕಂಡಿತು. ಎಂಥ ಖುಷಿ ಗೊತ್ತಾ!

ಜೊತೆಗೆ ಕೊಡುವ ಪಟ್ಟಿ ಮಾತ್ರ ಕುತ್ತಿಗೆಗೆ ಒತ್ತುತ್ತದೆ, ಅಗಲದ್ದು ಬೇರೆ ಕೊಳ್ಳಿ. ಕನ್ನಡಕ ಇರುವವರು ಕಣ್ಣಿನ ಕಪ್ ಕೆಳಗಿಳಿಸಿ ನೋಡಬೇಕು. ಮತ್ತೆ, ನೀರು ನುಗ್ಗದ, ಒಳಗೆ ನೈಟ್ರೋಜನ್ ತುಂಬಿದ ಮಾದರಿಯನ್ನೇ ಕೇಳಿ ತಗೊಳ್ಳಿ. ನಮ್ಮ ಮಳೆಗೆ ಬೇರೆಯದರ ಗಾಜಿನೊಳಗೆ ಬೂಷ್ಟು ಹಿಡಿಯುತ್ತದೆ ಅಲ್ವಾ? ಮಳೆಗಾಲದಲ್ಲಿ ಮಂಡಗದ್ದೆಗೆ ಬೆಳ್ಳಕ್ಕಿ ಗೂಡು ನೋಡೋಕೆ ಹೋಗುವವರಿಗಂತೂ ಅಂಥದ್ದೇ ಬೇಕು.